ತಟ್ಟೆಯಾಗಿ ಇಳಿಯಲಿ, ಗಾಲಿಯಾಗದಿರಲಿ: ಸ್ಕೀ ಬೆಟ್ಟದ ಡಿಸ್ಕ್ ಗಾಲ್ಫ್ ಕುರಿತು ಓದುಗರ ಪ್ರಶ್ನೆಗಳು

ಹಿಮ ಕರಗಿ ಹುಲ್ಲು ಚಿಗುರಿದ ಮೇಲೆ ಹಲವು ಸ್ಕೀ ರೆಸಾರ್ಟ್‌ಗಳ ಇಳಿಜಾರುಗಳಲ್ಲಿ ಡಿಸ್ಕ್ ಗಾಲ್ಫ್ ಬುಟ್ಟಿಗಳು ಮೇಲೇಳುತ್ತವೆ. ಡಿಸ್ಕ್ ಎಂಬ ಚಪ್ಪಟೆ ತಟ್ಟೆಯನ್ನು ಎಸೆದು, ಆದಷ್ಟು ಕಡಿಮೆ ಎಸೆತಗಳಲ್ಲಿ ಸರಪಳಿಯ ಬುಟ್ಟಿಗೆ ಬೀಳಿಸುವ ಆಟವಿದು. ಸಮತಟ್ಟಾದ ಪಾರ್ಕಿನಲ್ಲಿ ಕೈ ಪಳಗಿಸಿಕೊಂಡು ಬೆಟ್ಟ ಹತ್ತಿದವರ ಪತ್ರಗಳೇ ಈ ಬಾರಿ ಹೆಚ್ಚು. ಉತ್ತರಗಳಲ್ಲೆಲ್ಲ ಬಲಗೈಯ ಬ್ಯಾಕ್‌ಹ್ಯಾಂಡ್ ಎಸೆತವನ್ನೇ (ಕೈಯನ್ನು ಎದೆಗೆ ಅಡ್ಡವಾಗಿ ತಂದು ಎಸೆಯುವುದು) ಲೆಕ್ಕಕ್ಕೆ ಹಿಡಿದಿದ್ದೇವೆ. ಎಡಗೈಯವರು ಎಡ-ಬಲ ಅದಲುಬದಲು ಮಾಡಿಕೊಂಡು ಓದಬೇಕು. ಡಿಸ್ಕಿನ ಎಡ ಅಂಚು ತಗ್ಗಿದ್ದರೆ ಹೈಜರ್, ಬಲ ಅಂಚು ತಗ್ಗಿದ್ದರೆ ಆ್ಯನ್‌ಹೈಜರ್. ಈ ಎರಡು ಪದಗಳು ಮುಂದೆ ಮತ್ತೆ ಮತ್ತೆ ಬರುತ್ತವೆ.

ಪ್ರಶ್ನೆ: ಪಾರ್ಕಿನಲ್ಲಿ ನೆಟ್ಟಗೆ ಹೋಗುವ ನನ್ನ ಡ್ರೈವರ್ (ದೂರದ ಎಸೆತದ ಡಿಸ್ಕ್) ಬೆಟ್ಟದ ಕೋರ್ಸಿನಲ್ಲಿ ಅರ್ಧ ದಾರಿಗೇ ಎಡಕ್ಕೆ ಹೊರಳಿ ಬೀಳುತ್ತದೆ. ಕೋರ್ಸ್ ಇರುವುದು 3,000 ಮೀಟರ್ ಎತ್ತರದಲ್ಲಿ. ತಪ್ಪು ಎಸೆತದ್ದೋ ಡಿಸ್ಕಿನದ್ದೋ?

ಎರಡರದ್ದೂ ಅಲ್ಲ, ಗಾಳಿ ತೆಳುವಾಗಿದೆ. ಸಮುದ್ರ ಮಟ್ಟದ ಗಾಳಿಯ ಸಾಂದ್ರತೆಯನ್ನು 100 ಎಂದಿಟ್ಟುಕೊಂಡರೆ 1,500 ಮೀಟರಿನಲ್ಲಿ ಅದು ಸುಮಾರು 86, 2,000 ಮೀಟರಿನಲ್ಲಿ 82, 3,000 ಮೀಟರಿನಲ್ಲಿ 74. ಡಿಸ್ಕನ್ನು ಎತ್ತಿ ಹಿಡಿಯುವ ಬಲವೂ, ವೇಗದಲ್ಲಿರುವಾಗ ಅದನ್ನು ಬಲಕ್ಕೆ ವಾಲಿಸುವ ಬಲವೂ ಹುಟ್ಟುವುದು ಈ ಗಾಳಿಯಿಂದಲೇ. ಅವು ಸಾಂದ್ರತೆಗೆ ತಕ್ಕಂತೆ ನೇರವಾಗಿ, ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತವೆ. ಲೆಕ್ಕ ಹಾಕಿದರೆ, ಸಮುದ್ರ ಮಟ್ಟದಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ನೆಟ್ಟಗೆ ಹಾರುವ ಡಿಸ್ಕ್ 3,000 ಮೀಟರಿನಲ್ಲಿ ಹಾಗೆಯೇ ಹಾರಬೇಕಾದರೆ ಸುಮಾರು 93 ಕಿ.ಮೀ. ವೇಗ ಬೇಕು. ಆ ವೇಗ ನಿಮ್ಮ ಕೈಯಲ್ಲಿ ಇಲ್ಲವೆಂದರೆ ಡಿಸ್ಕ್ ಬಲಕ್ಕೆ ವಾಲುವ ಹಂತ ಬರುವುದೇ ಇಲ್ಲ. ನೇರವಾಗಿ ಕೊನೆಯ ಎಡ ತಿರುವಿಗೆ ಹೋಗುತ್ತದೆ.

ಬಲ ಹಾಕಿ ಇದನ್ನು ಸರಿಪಡಿಸಲು ಹೋಗಬೇಡಿ. ಬಲ ಹಾಕಿದಾಗ ಮೊದಲು ಕೆಡುವುದು ಮೂಗಿನ ಕೋನ, ಅಂದರೆ ಡಿಸ್ಕಿನ ಮುಂದಿನ ಅಂಚು. ಅದು ಮೇಲೆದ್ದರೆ ಎಡ ತಿರುವು ಇನ್ನೂ ಬೇಗ ಬರುತ್ತದೆ. ಬದಲಿಗೆ ಡಿಸ್ಕ್ ಬದಲಾಯಿಸಿ. ಡಿಸ್ಕಿನ ಮೇಲೆ ಅಚ್ಚಾಗಿರುವ ನಾಲ್ಕು ಅಂಕೆಗಳು ಕ್ರಮವಾಗಿ ವೇಗ, ತೇಲುವಿಕೆ, ಆರಂಭದ ವಾಲು, ಕೊನೆಯ ತಿರುವು. ಮೂರನೆಯದನ್ನು ನೋಡಿ. ಕೆಳಗೆ -1 ಇದ್ದದ್ದು ಸರಿಹೋಗುತ್ತಿದ್ದರೆ ಇಲ್ಲಿ -2 ಅಥವಾ -3 ತೆಗೆದುಕೊಳ್ಳಿ. ವೇಗದ ಅಂಕೆಯನ್ನು ಎರಡು-ಮೂರು ಮೆಟ್ಟಿಲು ಇಳಿಸಿ: 12ರ ಡ್ರೈವರ್ ಎಸೆಯುವವರಿಗೆ ಇಲ್ಲಿ 9 ಅಥವಾ 10 ಸಾಕು. ತೂಕದಲ್ಲೂ 5ರಿಂದ 10 ಗ್ರಾಂ ಕಡಿಮೆ ಇರಲಿ. 175 ಗ್ರಾಂ ಬದಲು 165ರದ್ದು ಒಳ್ಳೆಯ ಆಯ್ಕೆ. ಹಳೆಯದಾಗಿ, ಮರಕ್ಕೆ ಬಡಿದು ಬಡಿದು ಪಾರ್ಕಿನಲ್ಲಿ ಬಲಕ್ಕೇ ಹೊರಳುವ ಡಿಸ್ಕ್ ಒಂದು ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಅದನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ, ಬೆಟ್ಟದ ಮೇಲೆ ಅದೇ ನೆಟ್ಟಗೆ ಹಾರುತ್ತದೆ.

ಚೀಲದಲ್ಲಿ ಎಂಟು ಡಿಸ್ಕ್ ಸಾಕು: ಒಂದೇ ಮಾದರಿಯ ಎರಡು ಪಟರ್ (ಹತ್ತಿರದಿಂದ ಬುಟ್ಟಿಗೆ ಹಾಕುವ ಡಿಸ್ಕ್), ಎಸೆಯಲೆಂದೇ ಒಂದು ಗಟ್ಟಿ ಪಟರ್, ನಡುದೂರಕ್ಕೆ ಎರಡು ಮಿಡ್‌ರೇಂಜ್ (ಒಂದು ನೇರ, ಒಂದು ಬಲಕ್ಕೆ ವಾಲುವಂಥದ್ದು), ಎರಡು ಫೇರ್‌ವೇ ಡ್ರೈವರ್ (ವೇಗದ ಅಂಕೆ ತುಸು ಕಡಿಮೆಯ ಡ್ರೈವರ್), ಎದುರುಗಾಳಿಗೆಂದು ಒಂದು ಹಟಮಾರಿ ಓವರ್‌ಸ್ಟೇಬಲ್ ಡಿಸ್ಕ್, ಅಂದರೆ ಬಲಕ್ಕೆ ವಾಲದೆ ಎಡಕ್ಕೇ ತಿರುಗುವಂಥದ್ದು. ಹತ್ತಿ ಇಳಿಯುವ ದಾರಿಯಲ್ಲಿ ಹದಿನೈದು ಡಿಸ್ಕಿನ ಹೊರೆ ಬೇಡ.

ಪ್ರಶ್ನೆ: 110 ಮೀಟರ್ ದೂರ, 12 ಮೀಟರ್ ಇಳಿತ ಎಂದು ಟೀಯ (ಮೊದಲ ಎಸೆತದ ಜಾಗ) ಫಲಕದಲ್ಲಿ ಬರೆದಿರುತ್ತದೆ. ಇಂಥ ಕಡೆ ಎಷ್ಟು ದೂರದ ಎಸೆತ ಎಂದುಕೊಳ್ಳಬೇಕು? ನನ್ನ ಡಿಸ್ಕ್ ಪ್ರತಿ ಸಲ ಬುಟ್ಟಿ ದಾಟಿ ಕಾಡಿಗೆ ಹೋಗುತ್ತದೆ.

ಆಟಗಾರರು ಬಳಸುವ ಅಂದಾಜು ಸೂತ್ರ ಸರಳ: ಎತ್ತರದ ವ್ಯತ್ಯಾಸವನ್ನು 3ರಿಂದ ಗುಣಿಸಿ, ಇಳಿಜಾರಾದರೆ ದೂರದಿಂದ ಕಳೆಯಿರಿ, ಏರಾದರೆ ಕೂಡಿಸಿ. ನಿಮ್ಮ ಉದಾಹರಣೆಯಲ್ಲಿ 110ರಿಂದ 36 ಕಳೆದರೆ 74 ಮೀಟರ್. ಪಾರ್ಕಿನಲ್ಲಿ 74 ಮೀಟರಿಗೆ ಯಾವ ಡಿಸ್ಕ್ ಎಸೆಯುತ್ತೀರೋ ಅದನ್ನೇ ಇಲ್ಲಿಯೂ ಕೈಗೆತ್ತಿಕೊಳ್ಳಿ. ಹೆಚ್ಚಿನವರಿಗೆ ಅದು ಮಿಡ್‌ರೇಂಜ್ ಅಥವಾ ಪಟರ್. ಅದೇ ಹೋಲನ್ನು (ಟೀಯಿಂದ ಬುಟ್ಟಿಯವರೆಗಿನ ಘಟ್ಟ) ಕೆಳಗಿನಿಂದ ಮೇಲಕ್ಕೆ ಆಡಿದರೆ 146 ಮೀಟರಿನ ಲೆಕ್ಕ, ಒಂದೇ ಎಸೆತದಲ್ಲಿ ಮುಟ್ಟುವವರು ಕಡಿಮೆ.

ಈ ಸೂತ್ರಕ್ಕೆ ಒಂದು ಮಿತಿ ಇದೆ. ಇಳಿತವು ದೂರದ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿರುವ ತನಕ ಅದನ್ನು ನಂಬಬಹುದು. 120 ಮೀಟರ್ ದೂರಕ್ಕೆ 40 ಮೀಟರ್ ಇಳಿಯುವ ಹೋಲಿನಲ್ಲಿ ಸೂತ್ರದ ಪ್ರಕಾರ ಉಳಿಯುವುದು ಸೊನ್ನೆ, ಅದಕ್ಕೆ ಅರ್ಥವಿಲ್ಲ. ಸ್ಕೀ ಬೆಟ್ಟದಲ್ಲಿ ಇಂಥ ಹೋಲುಗಳು ಬರುತ್ತವೆ. ಅಲ್ಲಿ ದೂರದ ಲೆಕ್ಕ ಬಿಟ್ಟು ಡಿಸ್ಕ್ ಎಷ್ಟು ಹೊತ್ತು ಗಾಳಿಯಲ್ಲಿರುತ್ತದೆ ಎಂದು ಯೋಚಿಸಿ. ಸಮನೆಲದಲ್ಲಿ ಡಿಸ್ಕ್ ವೇಗ ಕಳೆದುಕೊಂಡು ಎಡಕ್ಕೆ ತಿರುಗುವ ಹೊತ್ತಿಗೆ ನೆಲ ಬಂದು ಮುಟ್ಟಿರುತ್ತದೆ. ಇಲ್ಲಿ ನೆಲ ಇನ್ನೂ ಕೆಳಗೇ ಇದೆ. ಹಾಗಾಗಿ ಎಡ ತಿರುವು ಮುಗಿಯದೆ ಮುಂದುವರಿಯುತ್ತದೆ, ಪಾರ್ಕಿನಲ್ಲಿ ಐದು ಮೀಟರ್ ಎಡಕ್ಕೆ ಹೋಗುವ ಡಿಸ್ಕ್ ಇಲ್ಲಿ ಅದರ ಎರಡು-ಮೂರು ಪಟ್ಟು ದೂರ ಸರಿದು ಬೀಳುತ್ತದೆ. ಬುಟ್ಟಿಯ ಬಲಕ್ಕೆ ಗುರಿ ಇಟ್ಟು ಅದನ್ನು ತುಂಬಿಕೊಡುವುದು ಒಂದು ದಾರಿ. ಕೊನೆಯ ತಿರುವು 0 ಅಥವಾ 1 ಇರುವ ಪಟರನ್ನು ಮೆಲ್ಲಗೆ ಎಸೆಯುವುದು ಇನ್ನೊಂದು. ಎರಡನೆಯದೇ ನಮ್ಮ ಸಲಹೆ, ಏಕೆಂದರೆ ಕಡಿಮೆ ವೇಗದ ಡಿಸ್ಕ್ ಬಿದ್ದ ಮೇಲೂ ಕಡಿಮೆ ಓಡುತ್ತದೆ.

ಬುಟ್ಟಿ ದಾಟಿ ಹೋಗುವುದಕ್ಕೆ ಇನ್ನೊಂದು ಕಾರಣ ನಿಮ್ಮ ಮೈಯ ನಿಲುವು ಇರಬಹುದು. ಇಳಿಜಾರಿನ ಟೀಯಲ್ಲಿ ನಿಂತು ದಿಗಂತಕ್ಕೆ ಸಮನಾಗಿ ಎಸೆದರೆ, ನೆಲದ ಲೆಕ್ಕದಲ್ಲಿ ನೀವು ಆಕಾಶಕ್ಕೆ ಎಸೆದಂತೆಯೇ. ಡಿಸ್ಕ್ ತೇಲುತ್ತದೆ, ಗಾಳಿ ಅದನ್ನು ತನಗೆ ಬೇಕಾದಲ್ಲಿಗೆ ಒಯ್ಯುತ್ತದೆ. ಸೊಂಟ ಬಗ್ಗಿಸದೆ ಇಡೀ ಬೆನ್ನುಮೂಳೆ ಇಳಿಜಾರಿಗೆ ಲಂಬವಾಗುವಂತೆ ನಿಲ್ಲಿ. ಮುಂದಿನ ಭುಜ ತಗ್ಗಲಿ, ಹಿಂದಕ್ಕೆ ಚಾಚಿದ ಕೈ ಬಿಡುವ ಜಾಗಕ್ಕಿಂತ ತುಸು ಎತ್ತರದಲ್ಲಿರಲಿ. ಆಗ ಕೈ ಸಾಗುವ ಗೆರೆ ನೆಲಕ್ಕೆ ಸಮಾನಾಂತರವಾಗುತ್ತದೆ. ಓಡಿ ಬಂದು ಎಸೆಯುವುದನ್ನು ಇಲ್ಲಿ ಬಿಡಿ, ನಿಂತಲ್ಲಿಂದ ಅಥವಾ ಒಂದೇ ಹೆಜ್ಜೆಯಲ್ಲಿ ಎಸೆಯಿರಿ. ಇಳಿಜಾರಿನಲ್ಲಿ ಓಡಿದರೆ ಮೈಭಾರ ಮುಂಗಾಲಿಗೆ ಮುಂಚೆಯೇ ಬಂದುಬಿಡುತ್ತದೆ, ಕೈ ತಡವಾಗುತ್ತದೆ, ಡಿಸ್ಕ್ ಬಲಕ್ಕೆ ಜಾರಿ ಹೋಗುತ್ತದೆ. ಮೊಣಕಾಲಿಗೂ ಪೆಟ್ಟು.

ಏರಿನಲ್ಲಿ ಎಲ್ಲ ತಿರುಗುಮುರುಗು: ಹಿಂದಿನ ಭುಜ ತಗ್ಗಬೇಕು, ಡಿಸ್ಕ್ ಬೇಗ ವೇಗ ಕಳೆದುಕೊಳ್ಳುವುದರಿಂದ ತೇಲುವ ಅಂಕೆ 5 ಅಥವಾ ಹೆಚ್ಚು ಇರುವ, ಬಲಕ್ಕೆ ವಾಲುವ ಡಿಸ್ಕ್ ಬೇಕು. ಹೈಜರ್ ಕೋನದಲ್ಲಿ ಏರಿಗೆ ಎಸೆದರೆ ಎಡ ಅಂಚು ನೆಲ ತಾಗಿ ಅರ್ಧಕ್ಕೇ ಮುಗಿಯುತ್ತದೆ.

ಪ್ರಶ್ನೆ: ಬುಟ್ಟಿಯ ಪಕ್ಕದಲ್ಲೇ ಬಿದ್ದ ಡಿಸ್ಕ್ ಎದ್ದು ನಿಂತು 50 ಮೀಟರ್ ಕೆಳಕ್ಕೆ ಉರುಳಿ ಹೋಗುತ್ತದೆ. ಒಂದು ಆಟದಲ್ಲಿ ನಾಲ್ಕು ಸಲ ಹೀಗಾಯಿತು. ಇದು ಬರೀ ದುರದೃಷ್ಟವೇ?

ಒಮ್ಮೆ ಆದರೆ ದುರದೃಷ್ಟ. ನಾಲ್ಕು ಸಲ ಆಗಿದೆ ಎಂದರೆ ಡಿಸ್ಕ್ ತಪ್ಪು ಕೋನದಲ್ಲಿ ಇಳಿಯುತ್ತಿದೆ. ಬೆಟ್ಟದ ಕೋರ್ಸಿನಲ್ಲಿ ಅಂಕ ಕೆಡುವುದು ಹೆಚ್ಚಾಗಿ ಇಲ್ಲಿಯೇ, ಹಾಗಾಗಿ ಈ ಉತ್ತರ ಉದ್ದವಾಗುತ್ತದೆ.

ಡಿಸ್ಕ್ ನೆಲಕ್ಕೆ ಎರಡು ರೀತಿಯಲ್ಲಿ ಬರಬಹುದು: ತಟ್ಟೆಯಂತೆ ಮಲಗಿ, ಇಲ್ಲವೇ ಗಾಲಿಯಂತೆ ಅಂಚಿನ ಮೇಲೆ. ತಟ್ಟೆಯಾಗಿ ಬಂದರೆ ಹುಲ್ಲಿನ ಮೇಲೆ ತುಸು ಜಾರಿ ನಿಲ್ಲುತ್ತದೆ. ಗಾಲಿಯಾಗಿ ಬಂದರೆ ಅದರ ತಿರುಗುವಿಕೆಯೂ ಬೆಟ್ಟದ ಇಳಿತವೂ ಸೇರಿ ಅದನ್ನು ಓಡಿಸುತ್ತವೆ. ಇಲ್ಲಿ ಗಮನಿಸಬೇಕಾದದ್ದು ದಿಗಂತದ ಲೆಕ್ಕದಲ್ಲಿ ಡಿಸ್ಕ್ ಎಷ್ಟು ವಾಲಿದೆ ಎಂಬುದನ್ನಲ್ಲ, ಅದು ಬೀಳುವ ನೆಲದ ಲೆಕ್ಕದಲ್ಲಿ ಎಷ್ಟು ವಾಲಿದೆ ಎಂಬುದನ್ನು. ಸಮನೆಲದಲ್ಲಿ 20 ಡಿಗ್ರಿ ಹೈಜರ್ ನಿರಪಾಯ. ಅದೇ ಡಿಸ್ಕ್ ಎಡಗಡೆ ಎತ್ತರವಿರುವ 20 ಡಿಗ್ರಿಯ ಇಳಿಜಾರಿಗೆ ಬಿದ್ದರೆ ನೆಲಕ್ಕೂ ಡಿಸ್ಕಿಗೂ ನಡುವೆ 40 ಡಿಗ್ರಿ ಆಗುತ್ತದೆ, ಎಡ ಅಂಚು ನೆಲಕ್ಕೆ ಕಚ್ಚಿ ಡಿಸ್ಕ್ ಎದ್ದು ನಿಲ್ಲುತ್ತದೆ. ಎಡಗಡೆ ತಗ್ಗಿರುವ 20 ಡಿಗ್ರಿಯ ಇಳಿಜಾರಿಗೆ ಬಿದ್ದರೆ ಅದು ನೆಲಕ್ಕೆ ಅಂಟಿದಂತೆ ಮಲಗುತ್ತದೆ.

ಇದರಿಂದ ಎಸೆತದ ಆಯ್ಕೆ ತಾನಾಗಿ ಸಿಗುತ್ತದೆ. ಬುಟ್ಟಿಯ ಸುತ್ತಲ ನೆಲ ಎಡಕ್ಕೆ ತಗ್ಗಿದ್ದರೆ ಬ್ಯಾಕ್‌ಹ್ಯಾಂಡ್ ಹೈಜರ್ ಎಸೆಯಿರಿ. ನೆಲ ಬಲಕ್ಕೆ ತಗ್ಗಿದ್ದರೆ ಫೋರ್‌ಹ್ಯಾಂಡ್ (ಕೈಯನ್ನು ಅದರದೇ ಬದಿಯಿಂದ ಮುಂದಕ್ಕೆ ಬೀಸಿ ಎಸೆಯುವುದು), ಏಕೆಂದರೆ ಅದು ಕೊನೆಯಲ್ಲಿ ಬಲ ಅಂಚು ತಗ್ಗಿಸಿಕೊಂಡು ಇಳಿಯುತ್ತದೆ. ಫೋರ್‌ಹ್ಯಾಂಡ್ ಬಾರದವರು ಬಲಕ್ಕೆ ವಾಲುವ ಮಿಡ್‌ರೇಂಜನ್ನು ಮೆಲ್ಲನೆಯ ಆ್ಯನ್‌ಹೈಜರಿನಲ್ಲಿ ಎಸೆಯಬಹುದು, ಆದರೆ ಅದಕ್ಕೆ ಅಳತೆ ಕೈಗೂಡಿರಬೇಕು. ಆ್ಯನ್‌ಹೈಜರ್ ಕಡಿದಾದರೆ ಅದೇ ಉರುಳುವ ಎಸೆತವಾಗಿಬಿಡುತ್ತದೆ.

ಅದು ಯಾಕೆಂದರೆ, ಬಲಗೈ ಬ್ಯಾಕ್‌ಹ್ಯಾಂಡ್ ಡಿಸ್ಕ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ಬಲ ಅಂಚು ಹಿಂದಕ್ಕೆ ಚಲಿಸುತ್ತಿರುತ್ತದೆ, ಬಂಡಿಯ ಗಾಲಿಯ ನೆಲ ಮುಟ್ಟುವ ಭಾಗದ ಹಾಗೆ. ಆದ್ದರಿಂದ ಬಲ ಅಂಚಿನ ಮೇಲೆ ಬಿದ್ದರೆ ಮುಂದಕ್ಕೆ ಉರುಳುತ್ತದೆ. ಎಡ ಅಂಚು ಮುಂದಕ್ಕೆ ಚಲಿಸುತ್ತಿರುತ್ತದೆ, ಅದರ ಮೇಲೆ ಬಿದ್ದರೆ ಡಿಸ್ಕ್ ಮೊದಲು ಜಾರಿ, ತಡೆದು, ಬಳಿಕ ಹಿಂದಕ್ಕೆ ಉರುಳಲು ನೋಡುತ್ತದೆ. ಏರಿನಲ್ಲಿ ಎಸೆದ ಹೈಜರ್ ಬುಟ್ಟಿಯ ಹಿಂದಿನ ದಿಬ್ಬಕ್ಕೆ ತಾಗಿ ನಿಮ್ಮ ಕಾಲಬುಡ ದಾಟಿ ಕೆಳಗೆ ಹೋಗುವುದು ಇದರಿಂದಲೇ. ತಿರುಗುವಿಕೆ ಮತ್ತು ಇಳಿತ ಎರಡೂ ಅದನ್ನು ಒಂದೇ ದಿಕ್ಕಿಗೆ ತಳ್ಳುತ್ತವೆ.

ಎತ್ತರವೂ ಮುಖ್ಯ. ಮರದೆತ್ತರಕ್ಕೆ ಎಸೆದ ಡಿಸ್ಕ್ ಕೊನೆಗೆ ಅಂಚಿನ ಮೇಲೆಯೇ ಬೀಳುತ್ತದೆ. ಮಳೆ ಬಂದು ನೆಲ ಮೆತ್ತಗಾಗಿದ್ದರೆ ಅಂಚು ನಾಟಿ ನಿಲ್ಲುತ್ತದೆ, ಅಂಥ ದಿನ ಕಡಿದಾದ ಎತ್ತರದ ಹೈಜರ್ ಒಳ್ಳೆಯ ಅಸ್ತ್ರ. ಬೇಸಿಗೆಯ ಕೊನೆಯಲ್ಲಿ ನೆಲ ಒಣಗಿ ಗಟ್ಟಿಯಾದಾಗ ಅದೇ ಎಸೆತ ಗಾಲಿಯಾಗುತ್ತದೆ. ಒಣ ನೆಲದಲ್ಲಿ ಡಿಸ್ಕನ್ನು ತಲೆಯೆತ್ತರ ಮೀರದಂತೆ, ನೆಲದ ಇಳಿಜಾರಿಗೆ ಸಮನಾಗಿ ಕಳಿಸಿ. ಬುಟ್ಟಿಗೆ 10 ಮೀಟರ್ ಮೊದಲೇ ಬಿದ್ದು ಜಾರಿಕೊಂಡು ಹೋಗಲಿ. ಕತ್ತರಿಸಿದ ಹುಲ್ಲಿಗಿಂತ ಮೊಣಕಾಲೆತ್ತರದ ಹುಲ್ಲು ಇಲ್ಲಿ ಗೆಳೆಯನಿದ್ದಂತೆ, ಬೇಕೆಂದೇ ಅದರ ಅಂಚಿಗೆ ಗುರಿ ಇಡಬಹುದು. ಪ್ಲಾಸ್ಟಿಕ್ ವಿಷಯಕ್ಕೆ ಬಂದರೆ, ಮೆತ್ತನೆಯ ಪಟರ್ ನೆಲ ಹಿಡಿಯುತ್ತದೆ. ಗಾಜಿನಂತೆ ನುಣುಪಾದ ಗಟ್ಟಿ ಡಿಸ್ಕ್ ಪುಟಿಯುತ್ತದೆ. ಬಂಡೆಗಳಿರುವ ಕಡೆ ಮೆತ್ತನೆಯದು ಬೇಗ ಹರಿಯುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು.

ಟೀಯಲ್ಲಿ ನಿಂತಾಗ ಮೊದಲು ಬುಟ್ಟಿಯ ಬುಡ ನೋಡಿ, ನೆಲ ಯಾವ ಕಡೆ ತಗ್ಗಿದೆ ಎಂದು ಗೊತ್ತುಮಾಡಿಕೊಳ್ಳಿ. ಆಮೇಲೆ ಇಳಿಯುವ ಕೋನ, ಅದಾದ ಮೇಲೆ ಹಾರುವ ಗೆರೆ, ಕಡೆಗೆ ಡಿಸ್ಕ್. ಪಾರ್ಕಿನಲ್ಲಿ ನಾವೆಲ್ಲ ಇದನ್ನು ತಲೆಕೆಳಗಾಗಿ ಮಾಡಿಯೂ ಪಾರಾಗುತ್ತೇವೆ, ಬೆಟ್ಟ ಬಿಡುವುದಿಲ್ಲ.

ಪ್ರಶ್ನೆ: ಇಳಿಜಾರಿನ ಮೇಲಿರುವ ಬುಟ್ಟಿಗೆ 8 ಮೀಟರಿನಿಂದ ಪಟ್ (ಹತ್ತಿರದಿಂದ ಬುಟ್ಟಿಗೆ ಹಾಕುವ ಎಸೆತ) ಮಾಡುವಾಗ ಏರಿನಲ್ಲಿ ಯಾವಾಗಲೂ ಕೆಳಗೆ ಬೀಳುತ್ತದೆ, ಇಳಿತದಲ್ಲಿ ಮೇಲೆ ಹಾರಿಹೋಗುತ್ತದೆ. ಗುರಿ ಎಲ್ಲಿ ಇಡಬೇಕು?

ಮೂರರ ಸೂತ್ರ ಇಲ್ಲಿಯೂ ನಡೆಯುತ್ತದೆ. 8 ಮೀಟರ್ ದೂರದಲ್ಲಿ 1 ಮೀಟರ್ ಏರು ಇದ್ದರೆ 11 ಮೀಟರಿನ ಪಟ್ ಎಂದುಕೊಳ್ಳಿ, 1 ಮೀಟರ್ ಇಳಿತವಿದ್ದರೆ 5 ಮೀಟರಿನದು. ಏರಿನಲ್ಲಿ ಸರಪಳಿಯ ಮೇಲಿನ ಪಟ್ಟಿಗೆ ಗುರಿ ಇಡಿ, ಡಿಸ್ಕ್ ಚಪ್ಪಟೆಯಾಗಿರಲಿ, ಹೈಜರ್ ಬೇಡ. ಇಳಿತದಲ್ಲಿ ಸರಪಳಿಯ ಕೆಳ ಅರ್ಧಕ್ಕೆ ನೋಡಿ, ಮೂಗು ತಗ್ಗಿಸಿ. ತೇಲಿಸಿ ಬಿಡುವ ಪಟ್ ಇಳಿತದಲ್ಲಿ ಅಪಾಯಕಾರಿ, ತಪ್ಪಿದರೆ ಅದು ನಿಲ್ಲುವ ಜಾಗ ಕಣ್ಣಿಗೂ ಕಾಣದು.

ಹತ್ತಿರಕ್ಕೆ ತಂದಿಡುವ ಎಸೆತದಲ್ಲಿ ಸಾಧ್ಯವಾದಷ್ಟೂ ಬುಟ್ಟಿಯ ಕೆಳಬದಿಗೆ ಬೀಳಿಸಿ. ಕೆಳಗಿನಿಂದ 6 ಮೀಟರಿನ ಪಟ್ ಮೇಲಿನಿಂದ 4 ಮೀಟರಿನದಕ್ಕಿಂತ ಒಳ್ಳೆಯದು, ತಪ್ಪಿದರೂ ಡಿಸ್ಕ್ ದಿಬ್ಬಕ್ಕೆ ಚಪ್ಪಟೆಯಾಗಿ ತಾಗಿ ಬುಟ್ಟಿಯ ಬಳಿಯೇ ಉಳಿಯುವ ಸಾಧ್ಯತೆ ಹೆಚ್ಚು. ಮೇಲಿನಿಂದ 9 ಮೀಟರ್, ಹಿಂದೆ ಕಡಿದಾದ ಇಳಿಜಾರು, ಎದುರಿನಿಂದ ಗಾಳಿ: ಹೀಗಿದ್ದರೆ ಬುಟ್ಟಿಯ ಬುಡಕ್ಕೆ ಮೆಲ್ಲಗೆ ಜಾರಿಸಿ, ಮುಂದಿನ ಎಸೆತದಲ್ಲಿ ಹಾಕಿ. ಒಂದು ಎಸೆತ ಕೊಟ್ಟು ಮೂರನ್ನು ಉಳಿಸಿಕೊಂಡಂತೆ.

ನಿಯಮವೊಂದನ್ನು ಮರೆಯಬೇಡಿ. ಬುಟ್ಟಿಯಿಂದ 10 ಮೀಟರ್ ಒಳಗೆ ಎಸೆದ ಮೇಲೆ, ಮುಂದೆ ಹೆಜ್ಜೆ ಇಡುವ ಮೊದಲು ಸಮತೋಲನದಲ್ಲಿ ನಿಂತಿದ್ದೀರಿ ಎಂದು ತೋರಿಸಬೇಕು. ಇಳಿತದ ಪಟ್‌ನಲ್ಲಿ ಮೈ ತಾನಾಗಿ ಮುಂದಕ್ಕೆ ವಾಲುತ್ತದೆ, ಗೊತ್ತಿಲ್ಲದೆ ತಪ್ಪು ಆಗುವುದು ಇಲ್ಲೇ. ಕಾಲು ಅಗಲಿಸಿ, ಎರಡೂ ಪಾದ ಇಳಿಜಾರಿಗೆ ಅಡ್ಡವಾಗಿಟ್ಟು ಎಸೆದರೆ ನಿಲ್ಲುವುದು ಸುಲಭ.

ಪ್ರಶ್ನೆ: ಡಿಸ್ಕ್ ಬಿದ್ದ ಕಡೆ ಗುರುತಿಗೆಂದು ಮಾರ್ಕರ್ (ಚಿಕ್ಕ ಡಿಸ್ಕ್) ಇಟ್ಟ ಜಾಗದಲ್ಲಿ ಕಾಲೂರಲು ಆಗದಷ್ಟು ಕಡಿದಾಗಿದ್ದರೆ? ಕಾಡಿಗೆ ಬಿದ್ದ ಡಿಸ್ಕ್ ಸಿಗದಿದ್ದರೆ? ನಿಂತ ಡಿಸ್ಕನ್ನು ಗಾಳಿ ಉರುಳಿಸಿದರೆ?

ವೃತ್ತಿಪರ ಡಿಸ್ಕ್ ಗಾಲ್ಫ್ ಸಂಸ್ಥೆ ಪಿಡಿಜಿಎ ನಿಯಮದಂತೆ ಕಾಲೂರಬೇಕಾದ ಜಾಗ ಮಾರ್ಕರಿನ ಹಿಂದೆ 20 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದದ ಒಂದು ಆಯ. ಡಿಸ್ಕ್ ಬಿಡುವ ಕ್ಷಣದಲ್ಲಿ ಮೈಯ ಒಂದು ಆಧಾರ ಅದರೊಳಗೆ ಇರಬೇಕು, ಯಾವ ಆಧಾರವೂ ಬುಟ್ಟಿಗೆ ಅದಕ್ಕಿಂತ ಹತ್ತಿರ ಇರಕೂಡದು. ಆಧಾರ ಪಾದವೇ ಆಗಬೇಕೆಂದಿಲ್ಲ. ಕಡಿದಾದ ಕಡೆ ಒಂದು ಮೊಣಕಾಲನ್ನು ಆ ಆಯದೊಳಗೆ ಊರಿ, ಇನ್ನೊಂದು ಕಾಲನ್ನು ಪಕ್ಕಕ್ಕೆ ಚಾಚಿ ಎಸೆಯುವುದು ನಿಯಮಬದ್ಧವೂ ಹೌದು, ಭದ್ರವೂ ಹೌದು. ಚಿಕ್ಕ ಮಾರ್ಕರ್ ಜಾರುತ್ತಿದ್ದರೆ ಎಸೆದ ಡಿಸ್ಕನ್ನೇ ಎತ್ತದೆ ಮಾರ್ಕರಾಗಿ ಬಳಸಿಕೊಳ್ಳಿ.

ಕಳೆದ ಡಿಸ್ಕ್ ಹುಡುಕಲು 3 ನಿಮಿಷ. ಸಿಗದಿದ್ದರೆ ಒಂದು ದಂಡದ ಎಸೆತ ಸೇರಿಸಿ ಹಿಂದಿನ ಜಾಗದಿಂದಲೇ ಮತ್ತೆ. ಬೆಟ್ಟದಲ್ಲಿ ಆ ‘ಹಿಂದಿನ ಜಾಗ’ 60 ಮೀಟರ್ ಮೇಲಿರಬಹುದು, ಮರಳಿ ಹತ್ತುವುದು ಯಾರಿಗೆ ಬೇಕು? ಅನುಮಾನ ಬಂದ ಕೂಡಲೇ ಜೊತೆಯವರಿಗೆ ಹೇಳಿ ಟೀಯಿಂದಲೇ ತಾತ್ಕಾಲಿಕವಾಗಿ ಇನ್ನೊಂದು ಎಸೆತ ಎಸೆದಿಟ್ಟುಕೊಳ್ಳಿ. ನಿಂತ ಡಿಸ್ಕನ್ನು ಗಾಳಿಯೋ ನಾಯಿಯೋ ಕದಲಿಸಿದರೆ ದಂಡವಿಲ್ಲ, ಮೊದಲು ನಿಂತಿದ್ದ ಜಾಗಕ್ಕೆ ತಂದಿಡಬೇಕು. ಆದರೆ ಅದು ನಿಜಕ್ಕೂ ನಿಂತಿತ್ತು ಎಂದು ಗುಂಪು ಒಪ್ಪಬೇಕು. ಅಂಚಿನ ಮೇಲೆ ಓಲಾಡುತ್ತಾ ಇದ್ದದ್ದು ನಿಂತಂತಲ್ಲ.

ಪ್ರಶ್ನೆ: ಬೆಳಗ್ಗೆ ಸರಿಯಾಗಿ ಹೋದ ಎಸೆತ ಮಧ್ಯಾಹ್ನ ಅದೇ ಹೋಲಿನಲ್ಲಿ ಬಲಕ್ಕೆ ಹೊರಳಿತು. ಎತ್ತರದಲ್ಲಿ ಎಡಕ್ಕೆ ಹೋಗಬೇಕಲ್ಲವೇ?

ಬಿಸಿಲಿಗೆ ಇಳಿಜಾರು ಕಾದ ಮೇಲೆ, ಅಂದರೆ ಬೆಳಗಿನ ಹೊತ್ತು ಕಳೆದಂತೆ, ಗಾಳಿ ಕಣಿವೆಯಿಂದ ಮೇಲಕ್ಕೆ ಬೀಸತೊಡಗುತ್ತದೆ. ಸಂಜೆ ನೆಲ ತಣಿದ ಮೇಲೆ ಮೇಲಿನಿಂದ ಕೆಳಕ್ಕೆ. ಕೆಳಮುಖವಾಗಿ ಆಡುವ ಹೋಲಿನಲ್ಲಿ ಮಧ್ಯಾಹ್ನದ ಗಾಳಿ ಎದುರುಗಾಳಿ. ಎದುರುಗಾಳಿಗೆ ಡಿಸ್ಕ್ ತಾನು ಇನ್ನೂ ವೇಗವಾಗಿ ಹೋಗುತ್ತಿರುವಂತೆ ವರ್ತಿಸುತ್ತದೆ, ಬಲಕ್ಕೆ ವಾಲುತ್ತದೆ. ಹಿಂದಿನಿಂದ ಬೀಸಿದರೆ ಎಡಕ್ಕೆ, ನೆಲಕ್ಕೆ. ಚೀಲದಲ್ಲಿ ಒಂದು ಓವರ್‌ಸ್ಟೇಬಲ್ ಡಿಸ್ಕ್ ಇರಲಿ ಎಂದದ್ದು ಈ ಹೊತ್ತಿಗಾಗಿಯೇ. ಬುಟ್ಟಿಯ ಬಳಿ ಹುಲ್ಲು ಯಾವ ಕಡೆ ಬಾಗಿದೆ ಎಂದು ನೋಡಿ. ಟೀಯ ಬಳಿಯ ಗಾಳಿಯೂ ಅಲ್ಲಿಯ ಗಾಳಿಯೂ ಒಂದೇ ಆಗಿರಬೇಕಿಲ್ಲ.

ಮಧ್ಯಾಹ್ನದ ಮೋಡ ಇನ್ನೂ ದೊಡ್ಡ ವಿಷಯ. ಬೇಸಿಗೆಯಲ್ಲಿ ಎತ್ತರದ ಬೆಟ್ಟಗಳ ಮೇಲೆ ಗುಡುಗು ಮಳೆ ಕಟ್ಟುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಸ್ಕೀ ಇಳಿಜಾರು ಮರ ಕಡಿದ ಬಯಲು. ಅಲ್ಲಿ ಎತ್ತರದ ವಸ್ತುಗಳೆಂದರೆ ಲಿಫ್ಟಿನ ಉಕ್ಕಿನ ಕಂಬ, ಕಬ್ಬಿಣದ ಬುಟ್ಟಿ ಮತ್ತು ನೀವು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಅದು 10 ಕಿ.ಮೀ. ಒಳಗಿದೆ. ಆಟ ನಿಲ್ಲಿಸಿ, ಕಟ್ಟಡದ ಅಥವಾ ಮುಚ್ಚಿದ ವಾಹನದ ಒಳಗೆ ಹೋಗಿ, ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಬರಬೇಡಿ. ಒಂಟಿ ಮರದಡಿ ನಿಲ್ಲಲೇಬೇಡಿ. ಸಿಡಿಲಿನ ಸೂಚನೆ ಬಂದರೆ ಲಿಫ್ಟನ್ನೂ ನಿಲ್ಲಿಸುತ್ತಾರೆ, ಆಗ ಕೆಳಗೆ ಬರಲು ಕಾಲೇ ಗತಿ. ಮೊದಲ ಲಿಫ್ಟಿಗೇ ಹತ್ತಿ ಮಧ್ಯಾಹ್ನದೊಳಗೆ 18 ಹೋಲು ಮುಗಿಸುವಂತೆ ಹೊರಡುವುದು ಜಾಣತನ.

ಪ್ರಶ್ನೆ: ಚೇರ್‌ಲಿಫ್ಟಿನಲ್ಲಿ ಚೀಲ ಒಯ್ಯುವುದು ಹೇಗೆ? 8 ವರ್ಷದ ಮಗನೂ ಬರುತ್ತಾನೆ.

ಚೀಲವನ್ನು ಬೆನ್ನಿನಿಂದ ಇಳಿಸಿ, ಜಿಪ್ ಹಾಕಿ, ಪಟ್ಟಿಗಳನ್ನು ಒಳಗೆ ಸೇರಿಸಿ, ತೊಡೆಯ ಮೇಲಿಟ್ಟುಕೊಳ್ಳಿ. ಬೆನ್ನ ಮೇಲೇ ಇದ್ದರೆ ಕುರ್ಚಿಯ ಅಂಚಿಗೆ ಮಾತ್ರ ಕೂರಲಾಗುತ್ತದೆ, ಪಟ್ಟಿ ಸಿಕ್ಕಿಕೊಂಡರೆ ಇಳಿಯುವಾಗ ಅಪಾಯ. ಪಟರ್ ಇಡುವ ಮೇಲಿನ ತೆರೆದ ಜೇಬನ್ನು ಖಾಲಿ ಮಾಡಿ. ಮಗನನ್ನು ಲಿಫ್ಟ್ ಸಿಬ್ಬಂದಿಯ ಬದಿಗೆ ಕೂರಿಸಿ, ಹತ್ತುವ ಮೊದಲೇ ಅವರಿಗೆ ತಿಳಿಸಿದರೆ ಕುರ್ಚಿಯ ವೇಗ ತಗ್ಗಿಸುತ್ತಾರೆ. ಕುಳಿತ ತಕ್ಷಣ ಸರಳು ಇಳಿಸಿ. ಕುರ್ಚಿಯಿಂದ ಡಿಸ್ಕ್ ಎಸೆಯಕೂಡದು ಎಂದು ಮಗನಿಗೆ ಮೊದಲೇ ಹೇಳಿಡಿ. ಲಿಫ್ಟಿನ ಕೊನೆಯ ಸಮಯವನ್ನು ಕೇಳಿಕೊಂಡೇ ಹೊರಡಿ.

ಪ್ರಶ್ನೆ: ಸೈಕಲ್ ದಾರಿ ಕೋರ್ಸನ್ನು ಹಲವು ಕಡೆ ಅಡ್ಡ ಹಾಯುತ್ತದೆ. ಯಾರು ಯಾರಿಗೆ ದಾರಿ ಬಿಡಬೇಕು?

ನೀವೇ ಬಿಡಬೇಕು, ಯಾವಾಗಲೂ. ಬೆಟ್ಟ ಇಳಿಯುವ ಸೈಕಲ್ ಸವಾರರಿಗೆ ಮೇಲಿನಿಂದ ಬರುವ ಡಿಸ್ಕ್ ಕಾಣುವುದಿಲ್ಲ, ಕಂಡರೂ ತಪ್ಪಿಸಿಕೊಳ್ಳಲು ಆಗದು. ದಾರಿ ಮರೆಯಾಗಿರುವ ಹೋಲಿನಲ್ಲಿ ಒಬ್ಬರು ಕೆಳಗೆ ಹೋಗಿ ದಾರಿ ಕಾಣುವ ಕಡೆ ನಿಂತು ಕೈ ಎತ್ತಿ ಸನ್ನೆ ಮಾಡಲಿ. ಹಾಗೆ ನಿಂತವರು ಬಿದ್ದ ಡಿಸ್ಕಿನ ಜಾಗವನ್ನೂ ಗುರುತು ಇಟ್ಟುಕೊಳ್ಳುತ್ತಾರೆ, ಹುಡುಕುವ ಹೊತ್ತು ಉಳಿಯುತ್ತದೆ.

ಪ್ರಶ್ನೆ: ಸ್ಕೀ ಇಳಿಜಾರಿನಲ್ಲಿ ಅಡ್ಡಡ್ಡ ಕಾಲುವೆಗಳು, ನೆಲದಿಂದ ಎದ್ದ ಪೈಪುಗಳು ಏಕಿವೆ? ಆಟಕ್ಕೆ ಮಾಡಿದವೇ?

ಅಲ್ಲ. ಓರೆಯಾಗಿ ತೋಡಿದ ಕಾಲುವೆಗಳು ಕರಗಿದ ಹಿಮದ ನೀರು ಇಳಿಜಾರನ್ನು ಕೊರೆಯದಂತೆ ಪಕ್ಕದ ಕಾಡಿಗೆ ಹರಿಸಲು. ಪೈಪುಗಳು ಚಳಿಗಾಲದಲ್ಲಿ ಕೃತಕ ಹಿಮ ಮಾಡುವ ಯಂತ್ರಗಳಿಗೆ ನೀರು, ಗಾಳಿ ಒದಗಿಸುವವು. ಅವುಗಳ ಮೇಲೆ ಹತ್ತಬೇಡಿ, ತಿರುಪು ಮುಟ್ಟಬೇಡಿ. ಹೊಸಬರು ಕಾಲುವೆಯನ್ನು ಶಪಿಸುತ್ತಾರೆ, ನಮಗೆ ಮಾತ್ರ ಅದು ಬೆಟ್ಟದ ಅತ್ಯುತ್ತಮ ತಡೆಗೋಡೆ: ಉರುಳುವ ಡಿಸ್ಕ್ ನಿಲ್ಲುವುದು ಅಲ್ಲಿಯೇ. ಬುಟ್ಟಿಯ ಕೆಳಗೆ ಕಾಲುವೆ ಇದ್ದರೆ ಧೈರ್ಯವಾಗಿ ಆಡಿ, ಇಲ್ಲದಿದ್ದರೆ ಹಿಂದೆ ಹೇಳಿದಂತೆ ಕೆಳಬದಿಗೆ ಚಪ್ಪಟೆಯಾಗಿ ಬೀಳಿಸಿ. ಕಾಲುವೆಯ ದಡ ತುಳಿದು ಕೆಡಿಸಬೇಡಿ, ಒಂದು ಕಡೆ ಕುಸಿದರೆ ನೀರೆಲ್ಲ ಅಲ್ಲಿಂದಲೇ ನುಗ್ಗುತ್ತದೆ.

ಪ್ರಶ್ನೆ: ಅಮೆರಿಕದ ಸ್ಕೀ ರೆಸಾರ್ಟ್‌ಗಳು ಸರ್ಕಾರಿ ಅರಣ್ಯದಲ್ಲಿವೆ ಎನ್ನುತ್ತಾರೆ. ಅಲ್ಲಿ ಈ ಆಟಕ್ಕೆ ಅನುಮತಿ ಹೇಗೆ?

ಪಶ್ಚಿಮ ಅಮೆರಿಕದ ಅನೇಕ ರೆಸಾರ್ಟ್‌ಗಳು ರಾಷ್ಟ್ರೀಯ ಅರಣ್ಯದ ನೆಲದಲ್ಲಿ, ಅರಣ್ಯ ಸೇವೆಯ ಪರವಾನಗಿಯಿಂದ ನಡೆಯುತ್ತವೆ. ಆ ಪರವಾನಗಿ ಮುಖ್ಯವಾಗಿ ಹಿಮದ ಆಟಗಳಿಗೆ ಇತ್ತು. 2011ರಲ್ಲಿ ಬಂದ ಕಾನೂನು ಬೇಸಿಗೆಯ ಕೆಲವು ಚಟುವಟಿಕೆಗಳಿಗೂ ದಾರಿ ಮಾಡಿಕೊಟ್ಟಿತು. ಜಿಪ್‌ಲೈನ್, ಮೌಂಟನ್ ಬೈಕ್ ದಾರಿ, ಹಗ್ಗದ ಆಟಗಳ ಜೊತೆ ‘ಫ್ರಿಸ್ಬೀ ಗಾಲ್ಫ್ ಕೋರ್ಸ್’ ಎಂಬ ಹೆಸರು ಆ ಕಾನೂನಿನಲ್ಲಿಯೇ ಇದೆ. ಸಾಮಾನ್ಯ ಗಾಲ್ಫ್ ಮೈದಾನ, ಟೆನಿಸ್ ಅಂಗಣ, ಈಜುಕೊಳಗಳನ್ನು ಅದೇ ಕಾನೂನು ಹೊರಗಿಟ್ಟಿದೆ. ನೆಲ ಅಗೆಯದೆ, ಮರ ಕಡಿಯದೆ, ಇದ್ದ ಇಳಿಜಾರಿನಲ್ಲೇ ಆಡಬಹುದಾದ ಆಟಕ್ಕೆ ಸಿಕ್ಕ ಈ ಜಾಗ ನಮಗೆ ಬಹಳ ಸಂತೋಷದ ವಿಷಯ.

ಕೊಲರಾಡೋದ ಕಾಪರ್ ಮೌಂಟನ್ ರೆಸಾರ್ಟಿನ ಬುಡವೇ ಸುಮಾರು 2,960 ಮೀಟರ್ ಎತ್ತರದಲ್ಲಿದೆ. ಮೊದಲ ಪ್ರಶ್ನೆಯ ತೆಳು ಗಾಳಿ ಅಂದರೆ ಇದು. ವರ್ಮಾಂಟಿನ ಸ್ಮಗ್ಲರ್ಸ್ ನಾಚ್ ಅಷ್ಟು ಎತ್ತರವಿಲ್ಲ, ಆದರೆ ಅಲ್ಲಿಯ ಬ್ರೂಸ್ಟರ್ ರಿಡ್ಜ್ ಮತ್ತು ಫಾಕ್ಸ್ ರನ್ ಮೆಡೋಸ್ ಕೋರ್ಸ್‌ಗಳಲ್ಲಿ 2018 ಮತ್ತು 2023ರ ವೃತ್ತಿಪರ ವಿಶ್ವ ಚಾಂಪಿಯನ್‌ಷಿಪ್‌ಗಳು ನಡೆದಿವೆ. ಸ್ಕೀ ರೆಸಾರ್ಟಿನ ಕೋರ್ಸ್ ಎಂದರೆ ಬರೀ ಪ್ರವಾಸಿಗರ ಮೋಜು ಎಂದುಕೊಂಡವರಿಗೆ ಇಷ್ಟು ಸಾಕು.

ಪ್ರಶ್ನೆ: ಏನು ತೊಡಬೇಕು, ಎಷ್ಟು ನೀರು ಬೇಕು?

ಹಿಮ್ಮಡಿ ಹಿಡಿಯುವ, ಅಡಿಯಲ್ಲಿ ಆಳವಾದ ಕಚ್ಚುಗಳಿರುವ ಟ್ರೆಕ್ಕಿಂಗ್ ಶೂ. ಒಂದು ಊರುಗೋಲು, ಇಳಿಯುವಾಗ ಮೊಣಕಾಲಿನ ಭಾರ ಹೊರಲು, ಪೊದೆಯೊಳಗಿನ ಡಿಸ್ಕ್ ಎಳೆಯಲು. ತಲಾ 2ರಿಂದ 3 ಲೀಟರ್ ನೀರು. ಪ್ರತಿ 1,000 ಮೀಟರ್ ಏರಿದಂತೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ, ನೇರಳಾತೀತ ಕಿರಣಗಳು ಶೇ 10ರಿಂದ 12ರಷ್ಟು ಹೆಚ್ಚುತ್ತವೆ. ಅಂದರೆ ಚಳಿಯಾಗುತ್ತಿದ್ದರೂ ಚರ್ಮ ಸುಡುತ್ತಿರುತ್ತದೆ. ಗಾಳಿ ತಡೆಯುವ ಜಾಕೆಟ್ ಮತ್ತು ಸನ್‌ಸ್ಕ್ರೀನ್ ಎರಡೂ ಬೇಕು. 2,500 ಮೀಟರ್ ಮೇಲೆ ತಲೆನೋವು, ವಾಕರಿಕೆ ಶುರುವಾದರೆ ಆಟ ಬಿಟ್ಟು ಕೆಳಗಿಳಿಯಿರಿ.

ಡಿಸ್ಕಿನ ಬಣ್ಣವನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಹಸಿರು ಬೇಡ, ಹಳದಿ ಹೂ ಬಿಡುವ ಹುಲ್ಲುಗಾವಲಿನಲ್ಲಿ ಹಳದಿಯೂ ಬೇಡ. ಕಡು ಗುಲಾಬಿ ಎಲ್ಲಕ್ಕಿಂತ ಬೇಗ ಕಣ್ಣಿಗೆ ಬೀಳುತ್ತದೆ. ಹಿಂಬದಿಯಲ್ಲಿ ಫೋನ್ ಸಂಖ್ಯೆ ಬರೆದಿಡಿ, ಕಾಡಿನೊಳಗೆ ಉರುಳಿದ ಡಿಸ್ಕ್ ಇನ್ನೊಬ್ಬ ಆಟಗಾರನಿಗೆ ಮುಂದಿನ ವಾರ ಸಿಗಬಹುದು.